ದೇವಿಯ ಮಣಿಕಟ್ಟಿಗೆ ಕಟ್ಟಿದ ಹಗ್ಗ

ನಮ್ಮ ದ್ವೀಪದ ಊರು ಮಿತಿಲೀನೆಯ ಉತ್ತರ ಬಂದರಿನ ಹಿಂದೆ ಹಗ್ಗದವರ ಓಣಿ ಇದೆ. ಉದ್ದ ಇದೆಯೇ ಹೊರತು ಅಗಲವಿಲ್ಲ. ಎದುರಿಗೊಂದು ಕತ್ತೆ ಬಂದರೆ ಮನುಷ್ಯ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಫಾನಿಯಾಸ ಈ ಓಣಿಯಲ್ಲಿ ನಲವತ್ತು ವರ್ಷ ಕಾಲ ಹಿಂದೆ ಹಿಂದೆಯೇ ನಡೆದವನು. ಸೊಂಟಕ್ಕೆ ನಾರಿನ ಹೊರೆ ಸುತ್ತಿಕೊಂಡು, ಬೆರಳ ಸಂದಿಯಿಂದ ಎಳೆ ಬಿಡುತ್ತಾ, ಮುಖ ಒಂದು ಕಡೆ, ಕಾಲು ಇನ್ನೊಂದು ಕಡೆ. ಹಗ್ಗ ಹೊಸೆಯುವವನು ಬೇರೆ ರೀತಿ ನಡೆಯಲಾರ. ನಮ್ಮ ಊರಿನವರ ಬಾಯಿ ಕೇಳಬೇಕೇ? ಫಾನಿಯಾಸ ಮದುವೆಗೂ ಹೀಗೇ ನಡೆದು ಹೋದ, ಹೆಣ್ಣಿನ ಮುಖ ಎಲ್ಲರಿಗಿಂತ ಕೊನೆಗೆ ಕಂಡದ್ದು ಅವನಿಗೇ ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಒಂದು ದೋಷವಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ: ತನ್ನ ಹಗ್ಗದ ಬಗ್ಗೆ ಅವನಿಗೆ ವಿಪರೀತ ಹೆಮ್ಮೆ.

ಹೆಂಡತಿ ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವನು ಮತ್ತು ಮಗಳು ಥೆಯಾನೊ. ಓಣಿಯ ಆ ತುದಿಯಲ್ಲಿ ಕೂತು ಎಳೆಗೆ ಹುರಿ ಏರಿಸುವ ತಿರುಪುಕೋಲು ತಿರುಗಿಸುವುದು ಅವಳ ಕೆಲಸ. ಹದಿನಾರು ವರ್ಷ, ಮೂಗಿನ ಮೇಲೆ ಸಿಡುಬಿನ ಒಂದು ಕಲೆ, ಮಾತು ಹರಿತ. ಹುಡುಗಿಯನ್ನು ನೋಡಲು ಬಂದ ಬಾದಾಮಿ ವ್ಯಾಪಾರಿಯೊಬ್ಬ ಅವಳ ಜತೆ ಎರಡು ಮಾತಾಡಿ, ಬಾದಾಮಿ ಚೀಲವನ್ನೂ ಮರೆತು ಎದ್ದು ಹೋದ. ಅಪ್ಪ ಮಗಳು ಅದನ್ನು ಒಂದು ತಿಂಗಳು ತಿಂದರು.

ಆ ವರ್ಷ ದ್ರಾಕ್ಷಿ ಕೊಯ್ಲು ಮುಗಿಯುವ ಹೊತ್ತಿಗೆ ರೋಮಿನವರು ಬಂದು ಊರನ್ನು ಸುತ್ತಿದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಕೆಲವು ವರ್ಷ ಹಿಂದೆ, ಪೊಂತೋಸಿನ ರಾಜ ರೋಮಿನವರನ್ನು ಓಡಿಸುತ್ತಿದ್ದಾಗ, ರೋಮಿನ ದೊಡ್ಡ ಅಧಿಕಾರಿಯೊಬ್ಬ ಕಾಯಿಲೆ ಬಿದ್ದು ನಮ್ಮ ಊರಲ್ಲಿ ಆಶ್ರಯ ಪಡೆದಿದ್ದ. ಗೆಲ್ಲುವವರ ಕಡೆ ಇರೋಣವೆಂದು ನಮ್ಮ ಹಿರಿಯರು ಅವನನ್ನು ಹಾಸಿಗೆಯಿಂದ ಎಬ್ಬಿಸಿ, ಕೈಕಟ್ಟಿ, ರಾಜನಿಗೆ ಒಪ್ಪಿಸಿದರು. ರಾಜ ಅವನನ್ನು ಕೊಂದ. ಆಮೇಲೆ ರಾಜನೇ ಸೋತ. ಸುತ್ತಲಿನ ಊರುಗಳೆಲ್ಲ ಒಂದೊಂದಾಗಿ ರೋಮಿನ ಕಾಲು ಹಿಡಿದವು. ನಾವು ಹಿಡಿಯಲಿಲ್ಲ. ಧೈರ್ಯವಿತ್ತೆಂದಲ್ಲ, ಹಿಡಿದರೂ ಕ್ಷಮೆಯಿಲ್ಲ ಎಂಬ ಭಯಕ್ಕೆ.

ಚಳಿಗಾಲ ಕಳೆಯುವಷ್ಟರಲ್ಲಿ ಊರಲ್ಲಿ ಬಾರ್ಲಿ ಮುಗಿದಿತ್ತು. ಅಂಜೂರದ ಎಲೆ ಬೇಯಿಸಿ ಉಪ್ಪು ಹಾಕಿ ತಿನ್ನುತ್ತಿದ್ದೆವು. ನೆಲದ ಕಡೆ, ದಂಡೆ ಬಾಗಿಲಿನ ಕೋಟೆಗೋಡೆಯ ಆಚೆ ರೋಮಿನವರು ಮಣ್ಣಿನ ದಿಬ್ಬ ಎಬ್ಬಿಸುತ್ತಿದ್ದರು, ಅದು ದಿನಕ್ಕೊಂದು ಮೊಳ ಮೇಲೆ ಬರುತ್ತಿತ್ತು. ಆಗ ಸಭೆಯ ಹಿರಿಯ ಅಗೆಮೋರ್ತ ಕೋಲೂರಿಕೊಂಡು ಹಗ್ಗದವರ ಓಣಿಗೆ ಬಂದ.

"ಫಾನಿಯಾಸ, ನಮ್ಮ ದೇವಿ ಗುಡಿಯಿಂದ ದಂಡೆ ಬಾಗಿಲ ತನಕ ಎಷ್ಟು ದೂರ ಆಗುತ್ತಪ್ಪ?"

"ನಡುವಿನ ಕಾಲುವೆ ಸೇತುವೆ ಸೇರಿಸಿದ್ರೆ ಏಳುನೂರು ಮಾರು, ಯಜಮಾನ್ರೆ. ಯಾಕೆ?"

"ಅಷ್ಟುದ್ದ ಒಂದೇ ಹಗ್ಗ ಹೊಸೀತೀಯಾ?"

ಫಾನಿಯಾಸ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟ. ಮತ್ತೆ ಕಾರಣ ಕೇಳುವ ಅಗತ್ಯವೇ ಬೀಳಲಿಲ್ಲ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅರ್ತೆಮಿಸ್ ದೇವಿಯ ವಿಗ್ರಹಕ್ಕೆ ಒಂದು ನೂಲು ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದುಕೊಂಡವನು ಎಲ್ಲಿ ನಿಂತರೂ ಗುಡಿಯೊಳಗೆ ನಿಂತ ಹಾಗೆ. ಅವನನ್ನು ಮುಟ್ಟಿದವನ ಮನೆ ಉಳಿಯುವುದಿಲ್ಲ. ಹಿಂದೆ ಎಫೆಸೋಸಿನವರು ಶತ್ರು ಮುತ್ತಿದಾಗ ಇಡೀ ಊರನ್ನೇ ಹಗ್ಗದಿಂದ ಗುಡಿಗೆ ಕಟ್ಟಿದ್ದರಂತೆ. ಫಾನಿಯಾಸನೇ ಚಿಕ್ಕಂದಿನಲ್ಲಿ ಕಣ್ಣಾರೆ ಕಂಡದ್ದೂ ಇತ್ತು. ಚರ್ಮ ಹದ ಮಾಡುವವನ ಆಳೊಬ್ಬ ಏಟು ತಡೆಯಲಾರದೆ ಗುಡಿಗೆ ಓಡಿದ. ಮಧ್ಯಾಹ್ನ ಬಾಯಾರಿಕೆಯಾಯಿತು. ದೇವಿಯ ಕಾಲಿಗೆ ಉಣ್ಣೆ ನೂಲು ಕಟ್ಟಿ, ಉಂಡೆ ಬಿಚ್ಚುತ್ತಾ ಬಿಚ್ಚುತ್ತಾ ಸಂತೆ ಬೀದಿಯ ಬಾವಿಗೆ ಹೋಗಿ ನೀರು ಕುಡಿದ. ಯಜಮಾನ ಚಾವಟಿ ಹಿಡಿದು ಪಕ್ಕದಲ್ಲೇ ನಡೆದ, ಅವನ ವಂಶವನ್ನೆಲ್ಲ ಬೈದ, ಆದರೆ ಒಂದು ಬೆರಳು ಸೋಕಿಸಲಿಲ್ಲ. ಆಳು ನೂಲು ಸುತ್ತುತ್ತಾ ವಾಪಸು ಬಂದ. ಸಂಜೆಗೆ ಯಜಮಾನ ಸೋತು ಅವನನ್ನು ಗುಡಿಗೇ ಬಿಟ್ಟುಕೊಟ್ಟ. ಅಷ್ಟು ಸಣ್ಣ ನೂಲಿಗೆ ಅಷ್ಟು ಬಲವಿದ್ದರೆ ಫಾನಿಯಾಸನ ಮೂರು ಹುರಿ ಹಗ್ಗಕ್ಕೆ ಎಷ್ಟಿರಬೇಡ?

"ಹೊಸೀತೀನಿ. ನಾರು ಎಲ್ಲಿದೆ?" ಎಂದ.

ನಾರು ಮನೆಮನೆಯಿಂದ ಬಂತು. ಹಳೆಯ ಹಾಯಿಬಟ್ಟೆ, ಹರಿದ ಬಲೆ, ಚೀಲ, ಸತ್ತ ಮಗುವಿನ ತೊಟ್ಟಿಲ ದಾರ, ಮದುವೆಯ ಸೊಂಟಪಟ್ಟಿ. ಹೆಂಗಸರು ಬೀದಿಯಲ್ಲಿ ಕೂತು ಎಲ್ಲವನ್ನೂ ಬಿಚ್ಚಿ ಎಳೆ ಮಾಡಿದರು. ಫಾನಿಯಾಸ ಇಪ್ಪತ್ತಾರು ದಿನ ನಡೆದ. ಹಸಿವಿಗೆ ಕಾಲು ನಡುಗುತ್ತಿದ್ದವು, ಆದರೂ ಹುರಿ ಎಲ್ಲೂ ಸಡಿಲವಾಗಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ಹಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹಿಂದೆ ಹಿಂದೆ ನಡೆಯುವವನೆಂದು ನಕ್ಕವರು ಈಗ ಅವನಿಗೆ ದಾರಿ ಬಿಡುತ್ತಿದ್ದರು. ಅದು ಅವನಿಗೆ ಹಿಡಿಸಿತು. ಯಾರಿಗೆ ಹಿಡಿಸುವುದಿಲ್ಲ?

ಥೆಯಾನೊ ಮಾತ್ರ ತಿರುಪುಕೋಲು ತಿರುಗಿಸುತ್ತಾ ಕೇಳಿದಳು.

"ಅಪ್ಪ, ಆ ರೋಮಿನವನಿಗೂ ನಾವು ಆಶ್ರಯ ಕೊಟ್ಟಿದ್ವಲ್ವಾ?"

"ಅದು ಬೇರೆ ಕಣೇ. ಅವನು ದೇವಿಗೆ ಶರಣು ಬಂದಿರ್ಲಿಲ್ಲ. ಊರಿಗೆ ಬಂದಿದ್ದ."

"ಮತ್ತೆ ಈ ಹಗ್ಗ ಏನು ಅಂತ ಅವರಿಗೆ ಯಾರು ಹೇಳ್ತಾರೆ?"

"ಹೇಳೋದೇನು ಬಂತು? ನೋಡಿದ್ರೆ ಗೊತ್ತಾಗಲ್ವಾ?"

"ನಂಗೆ ಗೊತ್ತಾಗುತ್ತೆ. ನಿಂಗೆ ಗೊತ್ತಾಗುತ್ತೆ," ಎಂದು ಅವಳು ಅಷ್ಟಕ್ಕೇ ಬಿಟ್ಟಳು.

ಆ ದಿನಗಳಲ್ಲೇ ತೆಲೇಸ ಬಂದ. ಫಾನಿಯಾಸನ ಹೆಂಡತಿಯ ತಮ್ಮ, ಎದುರು ದಂಡೆಯ ಹಳ್ಳಿಯೊಂದರಲ್ಲಿ ಮೀನು ಹಿಡಿಯುವವನು. ಬೆಳಗಿನ ಮಂಜಿನಲ್ಲಿ ಸಣ್ಣ ದೋಣಿ ನುಗ್ಗಿಸಿಕೊಂಡು, ರೋಮಿನ ಹಡಗುಗಳ ನಡುವೆಯೇ ನುಸುಳಿ, ಗುಡಿಯ ಕೆಳಗಿನ ನೀರಬಾಗಿಲಿಗೆ ಉಪ್ಪುಮೀನು ತರುತ್ತಿದ್ದ. ಕಾವಲಿನವರು ಮೀನನ್ನೂ ಅವನನ್ನೂ ಒಳಗೆ ಬಿಡುತ್ತಿದ್ದರು, ಊರಿನವರನ್ನು ಹೊರಗೆ ಬಿಡುತ್ತಿರಲಿಲ್ಲ. ಊರು ಬಿಟ್ಟು ಓಡುವವರನ್ನು ಕೊಲ್ಲಬೇಕೆಂದು ಸಭೆಯ ಅಪ್ಪಣೆಯಾಗಿತ್ತು.

"ಭಾವ, ನಾ ಹೇಳೋದನ್ನ ಸುಮ್ನೆ ಕೇಳು," ಎಂದ ತೆಲೇಸ, ಮನೆಯೊಳಗೆ ಕೂತು. "ಗುಡಿ ಹಿಂದಿನ ಕಡಲಗೋಡೆ ಮೇಲೆ ಕಾವಲಿಲ್ಲ. ಎತ್ತರ ಹದಿನೈದು ಮಾರು. ಒಂದು ಗಟ್ಟಿ ಹಗ್ಗ ಇದ್ರೆ ಹುಡುಗೀನ ಕೆಳಗೆ ಇಳಿಸು. ನಾನು ಕೆಳಗಿರ್ತೀನಿ. ನಾಡಿದ್ದು ಬೆಳಗ್ಗೆ ಮಂಜು ಇರುತ್ತೆ."

ಫಾನಿಯಾಸನ ಹತ್ತಿರ ಅಂಥ ಹಗ್ಗವಿತ್ತು. ಮುತ್ತಿಗೆಗೆ ಮೊದಲೇ ಒಳ್ಳೆಯ ನಾರಿನಲ್ಲಿ ಹೊಸೆದ ಹದಿನೆಂಟು ಮಾರನ್ನು ಅವನು ಯಾರಿಗೂ ಹೇಳದೆ ಅಟ್ಟದ ಮೇಲೆ ಇಟ್ಟಿದ್ದ. ಮಗಳಿಗಾಗಿಯೇ ಇಟ್ಟಿದ್ದ ಎಂದು ನಾನು ನಂಬುತ್ತೇನೆ. ಇಳಿಸುತ್ತೇನೆ ಎಂದು ತೆಲೇಸನಿಗೆ ಮಾತೂ ಕೊಟ್ಟ.

ಮರುದಿನ ಹಗ್ಗ ಎಳೆದು ಹಾಸಿದರು. ಪೂಜಾರಿಣಿ ಒಂದು ತುದಿಯನ್ನು ದೇವಿಯ ಮಣಿಕಟ್ಟಿಗೆ ಗಂಟು ಹಾಕಿದಳು. ಹಗ್ಗ ಗುಡಿಯ ಅಂಗಳ ದಾಟಿ, ಬಿಳಿಕಲ್ಲಿನ ಸೇತುವೆ ದಾಟಿ, ಬೀದಿ ಹಿಡಿದು ಸಾಗಿತು. ದಂಡೆ ಬಾಗಿಲಿಗೆ ಇನ್ನೂ ಹದಿನೇಳು ಮಾರು ಇರುವಾಗ ಮುಗಿದುಹೋಯಿತು. ಹಸಿವಿನಲ್ಲಿ ಲೆಕ್ಕ ತಪ್ಪಿತ್ತೋ, ಹಳೆಯ ನಾರು ಹುರಿಗೆ ಕುಗ್ಗಿತೋ. ಬಾಗಿಲಿಗೆ ಮುಟ್ಟದಿದ್ದರೆ ಊರನ್ನು ದೇವಿಗೆ ಕಟ್ಟಿದಂತಾಗುವುದಿಲ್ಲ. ಜನ ತುದಿಯನ್ನು ನೋಡಿದರು, ಆಮೇಲೆ ಫಾನಿಯಾಸನನ್ನು ನೋಡಿದರು. ಯಾರೂ ಬೈಯಲಿಲ್ಲ. ಅಗೆಮೋರ್ತ ಕೋಲು ಬಿಟ್ಟು ನೆಲದ ಮೇಲೆ ಕೂತುಬಿಟ್ಟ, ಅಷ್ಟೇ. ಊರಲ್ಲಿ ಬಿಚ್ಚಲು ಇನ್ನೊಂದು ಚಿಂದಿಯೂ ಉಳಿದಿರಲಿಲ್ಲ.

ಫಾನಿಯಾಸ ಮನೆಗೆ ಹೋದ. ಅಟ್ಟದ ಕೆಳಗೆ ತುಂಬ ಹೊತ್ತು ನಿಂತ. ಆಮೇಲೆ ಹತ್ತಿ, ಹದಿನೆಂಟು ಮಾರನ್ನು ಹೆಗಲಿಗೆ ಹಾಕಿಕೊಂಡು ಬಂದು, ಎರಡು ಹಗ್ಗದ ತುದಿ ಬಿಚ್ಚಿ ಹುರಿಯೊಳಗೆ ಹುರಿ ಹೆಣೆದ. ಎಲ್ಲಿ ಸೇರಿಸಿದನೆಂದು ಬೆರಳಿಗೆ ಸಿಗುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಹೆಣೆದ. ಹೆಂಗಸರು ಅತ್ತರು. ಮುದುಕ ಅಗೆಮೋರ್ತ ಅವನ ಕೈಗೆ ಮುತ್ತಿಟ್ಟ.

ಊರಿಗಾಗಿ ಮಾಡಿದನೇ, ಹೆಸರಿಗಾಗಿ ಮಾಡಿದನೇ ಎಂದು ಆಮೇಲೆ ಎಷ್ಟೋ ಜನ ಚರ್ಚೆ ಮಾಡಿದರು. ನನ್ನನ್ನು ಕೇಳಿದರೆ, ಅವನು ನಂಬಿದ್ದ. ಹಗ್ಗ ಊರನ್ನೆಲ್ಲ ಕಾಯುವುದಾದರೆ ಮಗಳನ್ನು ಗೋಡೆಯಿಂದ ಮಂಜಿಗೆ ಇಳಿಬಿಡುವುದು ಏಕೆ? ದೋಣಿ ಮುಳುಗಬಹುದು, ಹಡಗಿನವರು ಹಿಡಿಯಬಹುದು. ದೇವಿಯ ಕೈಗಿಂತ ತೆಲೇಸನ ದೋಣಿ ಗಟ್ಟಿಯೇ? ಹೀಗೆ ಯೋಚಿಸಿದ. ನಾವು ಯಾರಾದರೂ ಹೀಗೇ ಯೋಚಿಸುತ್ತಿದ್ದೆವು.

ತೆಲೇಸ ಮಂಜಿನಲ್ಲಿ ಬಂದು, ಗೋಡೆಯ ಕೆಳಗೆ ಕಾದು, ಬಿಸಿಲೇರಿದ ಮೇಲೆ ಹೊರಟುಹೋದ.

ಎಂಟು ದಿನದ ಬಳಿಕ ರೋಮಿನವರ ದಿಬ್ಬ ಗೋಡೆಯ ಮಟ್ಟಕ್ಕೆ ಬಂತು. ಅರವತ್ತು ದಾಟದ ಗಂಡಸರೆಲ್ಲ ಗೋಡೆ ಹತ್ತಬೇಕೆಂದು ಡಂಗುರವಾಯಿತು. ಹೆಂಗಸರು, ಮಕ್ಕಳು, ಮುದುಕರು ಹಗ್ಗದುದ್ದಕ್ಕೂ ನಿಂತು ಅದನ್ನು ಹಿಡಿದುಕೊಂಡರು. ಫಾನಿಯಾಸ ಮಗಳಿಗೆ ಗುಡಿಯ ಅಂಗಳದಲ್ಲಿ, ದೇವಿಗೆ ಹತ್ತಿರವಾಗಿ ಜಾಗ ಹುಡುಕಿದ. ಪಕ್ಕದಲ್ಲಿ ಓಣಿಯದೇ ಹುಡುಗಿ ಮೆಲೀತ, ಥೆಯಾನೊಳ ಗೆಳತಿ. ತಾನೇ ಮಗಳ ಎರಡು ಕೈಯನ್ನೂ ಹಗ್ಗದ ಮೇಲಿಟ್ಟು ಬೆರಳು ಮಡಿಸಿದ.

"ಏನೇ ಆಗ್ಲಿ, ಇದನ್ನ ಬಿಡಬಾರ್ದು. ಯಾರು ಕರೆದ್ರೂ ಬಿಡಬಾರ್ದು. ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಮೂಗು ತುರಿಸಿದ್ರೆ?"

"ಥೆಯಾನೊ."

"ಆಯ್ತು ಅಪ್ಪ, ಬಿಡಲ್ಲ. ನೀನು ಹುಷಾರು. ಅಲ್ಲೂ ಹಿಂದೆ ಹಿಂದೆ ನಡೆದು ಗೋಡೆಯಿಂದ ಬಿದ್ದುಗಿದ್ದೀಯಾ."

ಅವನು ನಕ್ಕು ಹೊರಟ. ಮಗಳನ್ನು ಅವನು ನೋಡಿದ್ದು ಅದೇ ಕೊನೆ.

ಗೋಡೆಯ ಮೇಲೆ ಹೆಚ್ಚು ಹೊತ್ತೇನೂ ನಡೆಯಲಿಲ್ಲ. ಕವಣೆಯ ಕಲ್ಲೊಂದು ಬಡಿದು ಫಾನಿಯಾಸನ ತಲೆ ಒಡೆಯಿತು. ಅವನ ಮೇಲೆ ಇಬ್ಬರು ಸತ್ತು ಬಿದ್ದರು, ಅವರೇ ಅವನನ್ನು ಉಳಿಸಿದರು. ಎಚ್ಚರವಾದಾಗ ಮಾರನೆಯ ದಿನದ ಮಧ್ಯಾಹ್ನ. ಒಂದು ಕಣ್ಣಿಗೆ ರಕ್ತ ಕಟ್ಟಿ ಏನೂ ಕಾಣುತ್ತಿರಲಿಲ್ಲ. ಮುದುಕರನ್ನೂ ಗಾಯದವರನ್ನೂ ಗುಲಾಮರಾಗಿ ಯಾರೂ ಕೊಳ್ಳುವುದಿಲ್ಲವಾದ್ದರಿಂದ ಸಿಪಾಯಿಗಳು ಅವನನ್ನು ಕಾಲಿನಿಂದ ಸರಿಸಿ ಮುಂದೆ ಹೋದರು. ಗೋಡೆ ಹಿಡಿದುಕೊಂಡು ಬೀದಿಗಿಳಿದ, ಸೇತುವೆ ದಾಟಿದ, ಗುಡಿಗೆ ಬಂದ. ಅಂಗಳದಲ್ಲಿ ಚಪ್ಪಲಿಗಳಿದ್ದವು, ಜನ ಇರಲಿಲ್ಲ. ದೇವಿಯ ಮಣಿಕಟ್ಟಿನಿಂದ ಎರಡು ಗೇಣು ಹಗ್ಗ ಜೋತಾಡುತ್ತಿತ್ತು. ಉಳಿದದ್ದನ್ನು ಸಿಪಾಯಿಗಳು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿಕೊಂಡು, ಸೆರೆಹಿಡಿದವರ ಕೈಕಟ್ಟಲು ಬಳಸಿದ್ದರು. ಅವರಿಗೆ ಅದು ಬೀದಿಯಲ್ಲಿ ಬಿದ್ದಿದ್ದ ಒಳ್ಳೆಯ ಹಗ್ಗ. ದೇವಿಗೆ ಸಿಟ್ಟು ಬಂದಿತೋ ಇಲ್ಲವೋ ನನಗೆ ತಿಳಿಯದು. ನನಗಂತೂ ಇವತ್ತಿಗೂ ಬರುತ್ತದೆ, ಯಾರ ಮೇಲೆ ಎಂದು ಹೇಳಲಾರೆ.

ಫಾನಿಯಾಸ ಬದುಕಿದ. ಊರೂ ಹೇಗೋ ಉಸಿರಾಡಿತು. ಗೋಡೆ ಕೆಡವಿದ ರೋಮಿನವರಿಗೂ ಹಡಗುಗಳಿಗೆ ಹಗ್ಗ ಬೇಕಿತ್ತು, ಹೊಸೆದ. ದೆಲೋಸ್ ದ್ವೀಪದ ಸಂತೆಯಲ್ಲಿ ನಮ್ಮ ಊರಿನವರನ್ನು ಮಾರಿದರೆಂದು ಸುದ್ದಿ ಬಂತು. ಅಲ್ಲಿಂದ ಬಂದ ಪ್ರತಿ ಹಡಗಿಗೂ ಹೋಗಿ, ಮೂಗಿನ ಮೇಲೆ ಸಿಡುಬಿನ ಕಲೆಯ ಹುಡುಗಿ, ಮಾತು ಸ್ವಲ್ಪ ಜಾಸ್ತಿ, ಕಂಡಿರಾ ಎಂದು ಕೇಳುತ್ತಿದ್ದ. ಅಲ್ಲಿ ದಿನಕ್ಕೆ ಸಾವಿರಾರು ಜನರನ್ನು ಮಾರುತ್ತಾರಂತೆ. ಯಾರು ಮುಖ ನೋಡಿ ನೆನಪಿಟ್ಟುಕೊಳ್ಳುತ್ತಾರೆ?

ಅವನಿಗೆ ಆಸರೆಯಾಗಿದ್ದದ್ದು ಒಂದೇ ಮಾತು. ಅದನ್ನು ಅವನು ಎಲ್ಲರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. "ಅವತ್ತು ಒಂದು ಇಲಿ ಕೂಡ ಆಚೆ ಹೋಗೋಕಾಗ್ಲಿಲ್ಲ. ಎಲ್ಲಾ ಕಡೆಯಿಂದ ಒಟ್ಟಿಗೇ ನುಗ್ಗಿದ್ರು. ಹಗ್ಗ ಇದ್ರೂ ಇಲ್ದಿದ್ರೂ ಯಾರಿಗೂ ದಾರಿ ಇರ್ಲಿಲ್ಲ." ನಿಜ ಗೊತ್ತಿದ್ದವರೂ ತಲೆದೂಗುತ್ತಿದ್ದರು.

ಮೂರನೆಯ ವರ್ಷ ಮೆಲೀತ ಊರಿಗೆ ಬಂದಳು. ಎದುರು ದಂಡೆಯಲ್ಲಿ ಮದುವೆಯಾಗಿದ್ದಳು, ಬಸುರಿ. ಓಣಿಗೆ ಬಂದು ಫಾನಿಯಾಸನ ಪಕ್ಕದ ಕಲ್ಲಿನ ಮೇಲೆ ಕೂತಳು. ಅವನು ಅವಳನ್ನು ಕಂಡು ಮೊದಲು ಬೆಚ್ಚಿದ, ಆಮೇಲೆ ಸಂತೋಷಪಟ್ಟ, ಆಮೇಲೆ ಅವನ ಮುಖ ಬೇರೆಯಾಯಿತು.

"ನೀನು ಅವಳ ಪಕ್ಕದಲ್ಲೇ ನಿಂತಿದ್ಯಲ್ಲಮ್ಮ. ಹೇಗೆ ತಪ್ಪಿಸ್ಕೊಂಡೆ?"

ಮೆಲೀತ ಸೆರಗಿನ ಅಂಚನ್ನು ಮಡಿಸುತ್ತಾ ಕೂತಳು. ಸುಳ್ಳು ಹೇಳಬೇಕೆಂದೇ ಅವಳು ಬಂದಿದ್ದಳಂತೆ, ನನಗೆ ಅವಳೇ ಆಮೇಲೆ ಹೇಳಿದಳು. ಆದರೆ ಆ ತಲೆಯ ಮೇಲಿನ ಗಾಯದ ಗುರುತು ನೋಡಿ ನಾಲಗೆ ಏಳಲಿಲ್ಲ.

"ತೆಲೇಸ ಮಾವ ಬಂದಿದ್ರು," ಎಂದಳು. "ಗೋಡೆ ಹತ್ರ ಹೊಗೆ ಎದ್ದಿದ್ದು ಕಂಡು ದೋಣಿ ತಗೊಂಡು ನೀರಬಾಗಿಲಿಗೇ ಬಂದ್ರು. ಕಾವಲಿನವ್ರು ಆಗ್ಲೇ ಓಡಿದ್ರು, ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಮೇಲೆ ನಿಂತು ಕೂಗಿದ್ರು, ಥೆಯಾನೊ ಬಾ, ಬಾ ಅಂತ. ಸಿಪಾಯಿಗಳು ಇನ್ನೂ ಸೇತುವೆ ಆಚೆ ಇದ್ರು."

"ಇನ್ನೂ ಆಚೆ ಇದ್ರಾ?"

"ಆಚೆ ಇದ್ರು. ಇನ್ನೂ ಹೊತ್ತಿತ್ತು, ಮಾವ. ನಾನು ಹಗ್ಗ ಬಿಟ್ಟು ಅವಳ ತೋಳು ಹಿಡಿದು ಎಳೆದೆ. ಬರಲ್ಲ ಅಂದ್ಳು. ಅಪ್ಪ ಇಲ್ಲಿಗೇ ಬರ್ತಾರೆ, ನಾನು ಇಲ್ದಿದ್ರೆ ಎಲ್ಲಿ ಅಂತ ಹುಡುಕ್ತಾರೆ ಅಂದ್ಳು. ತೆಲೇಸ ಮಾವ ಓಡಿ ಬಂದು ಎತ್ಕೊಳ್ಳೋಕೆ ನೋಡಿದ್ರು. ಅವರ ಕೈ ಕಚ್ಚಿದ್ಳು. ಬೆರಳಲ್ಲಿ ಇವತ್ತಿಗೂ ಗುರುತಿದೆ."

ಮೆಲೀತಳಿಗೆ ಶುರು ಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ.

"ಸುಮಾರು ಹೊತ್ತು ಕಾದ್ವಿ. ಇಪ್ಪತ್ತು ಮೂವತ್ತು ಜನ ಹಗ್ಗ ಬಿಟ್ಟು ಓಡಿ ಬಂದ್ರು, ನೀರಬಾಗಿಲಲ್ಲಿ ಕಟ್ಟಿದ್ದ ಬೇರೆ ದೋಣಿಗಳಲ್ಲಿ ಹೋದ್ರು, ಬದುಕಿದ್ದಾರೆ. ನಾವು ದೂರ ಹೋದ್ಮೇಲೂ ನಂಗೆ ಅಂಗಳ ಕಾಣ್ತಿತ್ತು. ನಿಂತೇ ಇದ್ಳು."

ಫಾನಿಯಾಸ ಅವಳ ತಲೆಯ ಮೇಲೆ ಕೈಯಿಟ್ಟು, ಒಳ್ಳೇದಾಗಲಿ, ಹೆರಿಗೆ ಸುಸೂತ್ರವಾಗಲಿ ಎಂದು ಹರಸಿ ಕಳಿಸಿದ. ಅವಳು ಓಣಿಯ ತಿರುವು ದಾಟುವ ತನಕ ನೇರವಾಗಿ ನಿಂತಿದ್ದ. ಆಮೇಲೆ ನೆಲಕ್ಕೆ ಕುಸಿದು ಅತ್ತ. ಹೆಂಡತಿ ಸತ್ತಾಗಲೂ ಅವನು ಹಾಗೆ ಅತ್ತದ್ದನ್ನು ಓಣಿಯವರು ನೋಡಿರಲಿಲ್ಲ. ಸಿಪಾಯಿಗಳು ಎಳೆದೊಯ್ದ ಮಗಳಿಗಾಗಿ ಮೂರು ವರ್ಷ ಅತ್ತು ಮುಗಿಸಿದ್ದ. ಇದು ಬೇರೆಯೇ ಅಳು. ಇಷ್ಟು ಮಾತಿನ ಹುಡುಗಿ, ಹುಟ್ಟಿದಂದಿನಿಂದ ಎದುರುತ್ತರ ಕೊಟ್ಟವಳು, ಅದೊಂದು ದಿನವಾದರೂ ಎದುರಾಡಬಾರದಿತ್ತೇ?

ಆ ದಿನದಿಂದ ಇಲಿಯ ಮಾತನ್ನು ಅವನು ಮತ್ತೆ ಆಡಲಿಲ್ಲ. ಕೆಲಸ ಬಿಡಲಿಲ್ಲ. ಇವತ್ತಿಗೂ ಓಣಿಯಲ್ಲಿ ನಾರು ಬಿಡುತ್ತಾ ನಡೆಯುತ್ತಾನೆ, ಹಗ್ಗದ ಆ ತುದಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಎಲ್ಲವನ್ನೂ ಒಬ್ಬನೇ ಮಾಡಿಕೊಳ್ಳುತ್ತಾನೆ. ಬಂದರಿನಲ್ಲಿ ಸಂಜೆ ಕೂತಾಗ ನಮ್ಮ ಊರಿನ ಅಪ್ಪಂದಿರು ಎಲ್ಲ ಊರಿನ ಅಪ್ಪಂದಿರ ಹಾಗೆಯೇ ಗೊಣಗುತ್ತಾರೆ, ಈಗಿನ ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ ಎಂದು. ಫಾನಿಯಾಸ ಬರುವುದು ಕಂಡರೆ ಮಾತು ಬದಲಿಸಿ, ಮೀನಿನ ವಿಷಯ ಎತ್ತುತ್ತಾರೆ.